ತನ್ನ ಗುಣ ತಾನೇ ಬರೆದುಕೊಂಡವಳು

ಗಿರಗಿಟ್ಲೆ ಡಾಕ್ಟ್ರು ಅಂದರೆ ಆ ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಒಂದು ಕಡೆ ಕೂತವಳಲ್ಲ. ಮಾತ್ರೆ ಬರೆದು ಹೋದವಳು ಹತ್ತೇ ನಿಮಿಷಕ್ಕೆ ಮತ್ತೆ ಅದೇ ಮಂಚದ ಮುಂದೆ ಹಾಜರು. "ಕಾಲಿಗೇನು ಚಕ್ರ ಕಟ್ಕೊಂಡಿದೀರಾ ಡಾಕ್ಟ್ರೇ?" ಅಂತ ನರ್ಸಮ್ಮ ಬೈದರೂ ಅಷ್ಟೆ, ಬಿಟ್ಟರೂ ಅಷ್ಟೆ.

ಇವಳಿಗೆ ಇದ್ದದ್ದು ಒಂದೇ ಆಸೆ, ಸರ್ಜನ್ ಆಗಬೇಕು. ಅದರ ತರಬೇತಿ ಸೀಟಿಗೆ ಎರಡು ಸಲ ಅರ್ಜಿ ಹಾಕಿ, ಎರಡು ಸಲವೂ ಸಂದರ್ಶನದಲ್ಲಿ ಮುಗ್ಗರಿಸಿದ್ದಳು. ಇನ್ನೊಂದೇ ಅವಕಾಶ, ಮೂರಕ್ಕಿಂತ ಹೆಚ್ಚು ಸಲ ಹಾಕುವಂತಿಲ್ಲ. ಅರ್ಜಿಯ ಜೊತೆ ಚೀಫ್ ಡಾಕ್ಟರ ಶಿಫಾರಸು ಪತ್ರ ಇರಬೇಕು, ಹುಡುಗಿಯ ಗುಣ ಎಂಥದ್ದು ಅಂತ ಅವರು ಬರೆಯಬೇಕು. ಅವರು ಬರೆದರಲ್ಲವೇ! "ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ." ಆ ವಾರ್ಡಿನ ಪದ್ಧತಿಯೇ ಅದು. ಗುಮಾಸ್ತರ ಕಂಪ್ಯೂಟರಿನಲ್ಲಿ ಒಂದು ಪತ್ರ ಸಿದ್ಧವಿತ್ತು: ಶ್ರಮಜೀವಿ, ಸಮಯಪಾಲನೆ, ಎಲ್ಲರೊಂದಿಗೂ ಹೊಂದಾಣಿಕೆ. ವರ್ಷಾವರ್ಷ ಹೆಸರು ಮಾತ್ರ ಬದಲು. ಹಿಂದೆ ಇವಳೂ ಅದನ್ನೇ ಕೊಟ್ಟಿದ್ದಳು.

ಈ ಸಲ ಆ ಹಾಳು ಪತ್ರ ಬೇಡ ಅನ್ನಿಸಿತು. ಆದರೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳೋದು ಹೇಗೆ? ಅಮ್ಮನನ್ನು ಕೇಳಿದರೆ, "ನಿನ್ನಂಥ ಬಂಗಾರ ಇನ್ನೊಬ್ಬಳಿಲ್ಲ ಅಂತ ಬರಿ" ಅಂದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಅವಳನ್ನು ಕೇಳಿ ಏನು ಪ್ರಯೋಜನ! ನರ್ಸಮ್ಮ ಅಂದದ್ದು, "ಕೂತಲ್ಲಿ ಕೂರಲ್ಲ ಅಂತ ಬರೀರಿ. ಅದೊಂದು ಮಾತ್ರ ಗ್ಯಾರಂಟಿ."

ರೇಗಿಹೋಯಿತು. ಸರಿ, ಅದನ್ನೇ ಬರೀತೀನಿ ಅಂತ ಡ್ಯೂಟಿ ರೂಮಿನಲ್ಲಿ ಕೂತು ಗೀಚಿದಳು: "ಈಕೆಗೆ ಸಮಾಧಾನ ಅನ್ನುವುದೇ ಇಲ್ಲ. ಅನುಮಾನ ಹೊಕ್ಕರೆ ಊಟ ಸೇರುವುದಿಲ್ಲ. ತಪ್ಪೂ ಮಾಡಿದ್ದಾಳೆ. ಪಿತ್ತಕೋಶದ ಆಪರೇಷನ್ ಆದ ಹೆಂಗಸಿನ ನಾಡಿ ಜೋರಾಗಿದ್ದದ್ದು ಗೊತ್ತಿದ್ದೂ ಸುಮ್ಮನಿದ್ದಳು. ಗಂಟೆ ಕಳೆದ ಮೇಲೆ ಮನಸ್ಸು ತಡೆಯದೆ ಮತ್ತೆ ಹೋಗಿ ನೋಡಿದರೆ ಒಳಗೆ ರಕ್ತ ಸೋರುತ್ತಿತ್ತು. ಹೆಂಗಸು ಉಳಿದದ್ದು ಕೂದಲೆಳೆಯಲ್ಲಿ."

ಇದು ಪೂರ್ತಿ ನಿಜವಲ್ಲ. ಆವತ್ತು ನಾಡಿಯ ವಿಷಯ ಚೀಫಿಗೆ ಹೇಳಿದ್ದಳು. "ಭಯಕ್ಕೆ ಹಾಗಾಗುತ್ತೆ, ಮುಂದೆ ನಡಿ" ಅಂದಿದ್ದರು. ಇವಳು "ಹೌದು ಸರ್" ಅಂತ ತಲೆಯಾಡಿಸಿದ್ದಳು. ಆದರೆ ಸೈನ್ ಹಾಕುವವರ ತಪ್ಪನ್ನು ಅವರ ಪತ್ರದಲ್ಲೇ ಬರೆಯೋಕಾಗುತ್ತದೆಯೇ?

ಪತ್ರ ಒಯ್ದು ಕೊಟ್ಟರೆ, ಯಾವಾಗಲೂ ಓದದೆ ಸೈನ್ ಹಾಕುವ ಚೀಫ್ ಈ ಸಲ "ಇಟ್ಟು ಹೋಗು" ಅಂದುಬಿಟ್ಟರು. ಮುಗೀತು ಕಥೆ! ಮಾರನೇ ದಿನ ಗುಮಾಸ್ತರು ಲಕೋಟೆ ಅಂಟಿಸಿ ಅರ್ಜಿಯ ಜೊತೆ ಕಳಿಸಿಯಾಗಿತ್ತು. ಓದಿದರೋ, ಇಲ್ಲವೋ? ಹತ್ತು ದಿನ ಚೀಫ್ ಇವಳ ಮುಖ ನೋಡಿ ಮಾತಾಡಲಿಲ್ಲ. ಇವಳಿಗೋ ಮೈಮೇಲೆ ಇರುವೆ ಬಿಟ್ಟ ಹಾಗೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ ಅಂತ ಮೆಟ್ಟಿಲು ಹತ್ತುವಾಗ, ಇಳಿಯುವಾಗ ಗೊಣಗಿಕೊಂಡಳು.

ಸಂದರ್ಶನಕ್ಕೆ ಮೂವರು ಕೂತಿದ್ದರು. ನಡುವಿದ್ದ ಹಿರಿಯ ಸರ್ಜನ್ ಮೇಡಂ ಪತ್ರ ಬಿಚ್ಚಿದರು. "ಇದನ್ನ ಬರೆದದ್ದು ಯಾರು?"

ಸುಳ್ಳಿಗೆ ನಾಲಿಗೆ ಹೊರಳಲಿಲ್ಲ. "ನಾನೇ ಮೇಡಂ."

"ಕೆಳಗೆ ನಿಮ್ಮ ಚೀಫ್ ಕೈಬರಹ ಇದೆ, ಕೇಳಿ. 'ತಪ್ಪು ಈಕೆಯದಲ್ಲ. ಈಕೆ ಹೇಳಿದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೀಟು ಕೊಡಿ, ಆದರೆ ನನ್ನ ವಾರ್ಡಿನಲ್ಲಿ ಬೇಡ. ನನ್ನ ಹತ್ತಿರ ಇದ್ದರೆ ತಲೆಯಾಡಿಸುವುದನ್ನೇ ಕಲಿಯುತ್ತಾಳೆ.'"

ಎರಡು ವರ್ಷ ಪಕ್ಕದಲ್ಲಿ ನಿಲ್ಲಿಸಿಕೊಂಡು, ಬೈದು ಬೈದು ಹೊಲಿಗೆ ಹಾಕೋದು ಕಲಿಸಿದ ಮನುಷ್ಯ, ಈಗ ಬೇಡವಂತೆ! ಸಿಟ್ಟೂ ಬಂತು, ಅಳುವೂ ಬಂತು.

"ಏನಂತೀರಿ?" ಅಂದರು ಮೇಡಂ.

"ಅವರು ಬರೆದದ್ದು ತಪ್ಪು ಮೇಡಂ. ಸೀಟು ಕೊಡೋ ಹಾಗಿದ್ರೆ ಅವರ ವಾರ್ಡಲ್ಲೇ ಕೊಡಿ."

"ಅವರೇ ಬೇಡ ಅಂದಿದಾರಲ್ಲ?"

"ಅನ್ನಲಿ. ಈ ಮಾತಿಗೆ ನಾನು ತಲೆ ಆಡಿಸಲ್ಲ."

ಮೇಡಂ ಪಕ್ಕದವರ ಮುಖ ನೋಡಿ, ಏನೋ ಬರೆದುಕೊಂಡು, ಹೋಗಿ ಅಂದರು.

ಸೋಮವಾರ ಪಟ್ಟಿ ಬಂತು. ಸೀಟು ಸಿಕ್ಕಿತ್ತು, ಅದೇ ವಾರ್ಡಿನಲ್ಲಿ. ಏದುಸಿರು ಬಿಡುತ್ತಾ ಓಡಿಬಂದು ಚೀಫ್ ಹಿಂದೆ ನಿಂತಳು. ಅವರು ಕೈ ತೊಳೆಯುತ್ತಿದ್ದರು, ತಿರುಗಲಿಲ್ಲ.

"ನನ್ನ ಮಾತು ಕೇಳಲಿಲ್ಲ ನೀನು."

"ಇಲ್ಲ ಸರ್."

ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಗೋಡೆ ಪಕ್ಕದ ಕುರ್ಚಿ ಎಳೆದು ಕೂತರು. ರೌಂಡ್ಸ್ ಹೊತ್ತಿನಲ್ಲಿ ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ಮೂರನೇ ಮಂಚದವರು ಹೇಗಿದಾರೆ? ನಿಧಾನ ಹೇಳು, ಕೇಳ್ತೀನಿ."