ನಿಂತಂತೆ ಕಾಣುವ ಚಕ್ರ

ತಿರುಗುವ ಫ್ಯಾನಿಗೆ ನಾನು ಹೆದರುವವನಲ್ಲ. ನಿಂತ ಫ್ಯಾನನ್ನು ಕಂಡರೆ ಹೆದರುತ್ತೇನೆ. ಹೀಗೆಂದರೆ ನೀವು ನಗುತ್ತೀರಿ ಎಂದು ಗೊತ್ತು. ಮೂವತ್ತೊಂದು ವರ್ಷ ನಾಗಮಂಗಲದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ಆಡುವ ಮಾತಲ್ಲ ಇದು. ಆದರೂ ಫ್ಯಾನಿನ ಧೂಳು ಒರೆಸುವ ಕೆಲಸ ನನ್ನ ಪಾಲಿಗೆ ಬಂದ ದಿನ ನಾನು ಸ್ವಿಚ್ಚು ಆರಿಸಿ, ಮೇನ್ ಇಳಿಸಿ, ಪೊರಕೆಯ ಹಿಡಿಯಿಂದ ರೆಕ್ಕೆಯನ್ನು ಒಮ್ಮೆ ತಟ್ಟಿ ನೋಡಿ, ನಿಜಕ್ಕೂ ನಿಂತಿದೆ ಎಂದು ಖಾತ್ರಿ ಮಾಡಿಕೊಂಡೇ ಸ್ಟೂಲು ಹತ್ತುವುದು. ಹಾವು ಹಿಡಿಯುವವನೂ ಇಷ್ಟು ಹುಷಾರಾಗಿರುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೇಳಲಿ.

ಇಂಥವನಿಗೆ ನಿವೃತ್ತಿಯಾದ ಮೇಲೆ ಹಿಡಿದ ಹುಚ್ಚು ಎಂಥದ್ದು ನೋಡಿ. ಗಂಜಾಮಿನಲ್ಲಿರುವ ಮಗಳು ಭಾನುವಾರ, ಈಗ ನಾವಿರುವ ಪಾಂಡವಪುರಕ್ಕೆ ಬಂದಾಗಲೆಲ್ಲ ನಾನು ಪೇಪರು ಓದಿ ಲೋಕದ ಮೇಲೆ ರೇಗುವುದನ್ನು ಕೇಳಿ ಕೇಳಿ ಬೇಸತ್ತಿದ್ದಳು. ಒಂದು ದಿನ ಹಳೆಯ ಕಂಪ್ಯೂಟರಿಗೆ ಒಂದು ಆಟ ಹಾಕಿಕೊಟ್ಟಳು. ಬಿಡಿಭಾಗಗಳನ್ನು ಜೋಡಿಸಿ ಆಕಾಶನೌಕೆ ಕಟ್ಟಿ ಹಾರಿಸುವ ಆಟ. ಬುದ್ಧಿ ಇದ್ದವರೆಲ್ಲ ಅದರಲ್ಲಿ ರಾಕೆಟ್ ಕಟ್ಟಿ ಚಂದ್ರಲೋಕಕ್ಕೆ ಹೋಗುತ್ತಾರಂತೆ. ನನಗೆ ರಾಕೆಟ್ ರುಚಿಸಲಿಲ್ಲ. ಬೆಂಕಿ ಉಗುಳಿಕೊಂಡು ಮೇಲಕ್ಕೆ ಹೋಗುವುದರಲ್ಲಿ ಹೆಚ್ಚುಗಾರಿಕೆ ಏನಿದೆ? ದೀಪಾವಳಿಯಲ್ಲಿ ಖಾಲಿ ಬಾಟಲಿಗೆ ಸಿಕ್ಕಿಸಿದ ಪಟಾಕಿಯೂ ಅಷ್ಟು ಮಾಡುತ್ತದೆ. ನನಗೆ ಬೇಕಾದದ್ದು ಪ್ರೊಪೆಲ್ಲರ್. ಗಾಳಿಯನ್ನು ಹಿಡಿದು ಹಿಂದಕ್ಕೆ ತಳ್ಳಿ ತಾನು ಮುಂದಕ್ಕೆ ಹೋಗುವ, ಹಳೆಯ ಕಾಲದ ಮರ್ಯಾದಸ್ಥ ಯಂತ್ರ.

ಆ ಆಟದಲ್ಲಿ ಸಿದ್ಧ ಪ್ರೊಪೆಲ್ಲರ್ ಸಿಗುವುದಿಲ್ಲ. ತಿರುಗುವ ಒಂದು ಮೋಟಾರು, ಬಿಡಿ ರೆಕ್ಕೆಗಳು, ಬ್ಯಾಟರಿ, ಇಷ್ಟು ಕೊಡುತ್ತಾರೆ. ಮಿಕ್ಕ ಬುದ್ಧಿಯನ್ನು ನಾವೇ ತರಬೇಕು. ನನ್ನಲ್ಲಿ ಕಡಿಮೆ ಬಿದ್ದದ್ದು ಅದೇ. ಮೊದಲ ವಿಮಾನದಲ್ಲಿ ಪ್ರೊಪೆಲ್ಲರಿನ ರೆಕ್ಕೆಗಳನ್ನು ತಿರುಗುಮುರುಗಾಗಿ ಕೂರಿಸಿದ್ದೆ. ಅದು ಹಿಂದಕ್ಕೆ ಸರಿಯುತ್ತಾ ಹೋಗಿ, ರನ್‌ವೇ ಮುಗಿದು, ಹುಲ್ಲಿನಲ್ಲಿ ಕೂತಿತು. ಎರಡನೆಯದರಲ್ಲಿ ರೆಕ್ಕೆಗಳ ಓರೆ ಸಾಲದೆ ಎಷ್ಟು ತಿರುಗಿದರೂ ಗಾಳಿ ಕೈಗೆ ಸಿಗಲಿಲ್ಲ. ಮೂರನೆಯದು ಮಾತ್ರ ನನ್ನನ್ನು ಸ್ವಲ್ಪ ಹೆದರಿಸಿತು. ಇನ್ನೂ ಸ್ವಿಚ್ಚು ಹಾಕಿರಲಿಲ್ಲ. ಸುಮ್ಮನೆ ನಿಂತಿದ್ದ ವಿಮಾನ ತಾನೇ ತಾನಾಗಿ ನಡುಗತೊಡಗಿತು, ಮಲಗಿದ ನಾಯಿ ಕನಸು ಕಂಡಾಗ ನಡುಗುತ್ತದಲ್ಲ ಹಾಗೆ. ಆಮೇಲೆ ಕೀಲು ಕೀಲು ಕಳಚಿ ಬಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಎಲ್ಲೋ ಸಣ್ಣ ತಪ್ಪು ಸೇರಿಕೊಂಡು ಬೆಳೆಯುತ್ತಾ ಹೋದರೆ ಹಾಗಾಗುತ್ತದಂತೆ.

ಆ ವಿಮಾನದೊಳಗೆ ಒಬ್ಬ ಚಾಲಕನಿರುತ್ತಾನೆ. ಹಸಿರು ಮುಖ, ಕಪ್ಪೆಯಂಥ ಅಗಲ ಕಣ್ಣು. ಪರದೆಯ ಮೂಲೆಯಲ್ಲಿ ಅವನ ಮುಖ ಸದಾ ಕಾಣುತ್ತಿರುತ್ತದೆ. ವಿಮಾನ ನೆಲಕ್ಕೆ ಬಡಿದರೆ ಅವನು ಹೋಗುತ್ತಾನೆ. ಆಗ ಆಟ ನಮ್ಮನ್ನು ಕೇಳುತ್ತದೆ: ಹಾರುವುದಕ್ಕೆ ಮುಂಚಿನ ಕ್ಷಣಕ್ಕೆ ಹಿಂತಿರುಗಬೇಕೇ? ಗುಂಡಿ ಒತ್ತಿದರೆ ಅದೇ ಸೀಟಿನಲ್ಲಿ ಅವನು ಮತ್ತೆ ಕೂತಿರುತ್ತಾನೆ, ಏನೂ ಆಗದವನಂತೆ ನಗುತ್ತಾ. ಮೊದಮೊದಲು ಇದು ತಮಾಷೆಯಾಗಿತ್ತು. ಹತ್ತನೆಯ ಸಲಕ್ಕೆ ಆ ನಗೆಯನ್ನು ನೋಡಲಾಗದೆ ಮೂಲೆಯ ಮೇಲೆ ಒಂದು ಚೀಟಿ ಅಂಟಿಸಿದೆ.

ಭಯ ಎಂದರೆ ಕತ್ತಲೆ ಎನ್ನುವವರು ಮಟಮಟ ಮಧ್ಯಾಹ್ನವನ್ನು ಸರಿಯಾಗಿ ನೋಡಿಲ್ಲ. ನಾಗಮಂಗಲದ ಕಡೆಯ ನಮ್ಮ ಊರಿನಲ್ಲಿ ಅಜ್ಜಿ ಆ ಹೊತ್ತಿಗೆ ನಮ್ಮನ್ನು ಬಾವಿಯ ಹತ್ತಿರ ಬಿಡುತ್ತಿರಲಿಲ್ಲ. ಒಮ್ಮೆ ಕಣ್ಣು ತಪ್ಪಿಸಿ ಹೋಗಿದ್ದೆ. ಕರೆಂಟು ಹೋಗಿ ಬಾವಿಯ ಮೇಲಿನ ಮೋಟಾರು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಹಿಮ್ಮುಖವಾಗಿ ತಿರುಗತೊಡಗಿತು. ಕರೆಂಟಿಲ್ಲ, ಹತ್ತಿರ ಯಾರೂ ಇಲ್ಲ, ಬಿಸಿಲಿನಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿಲ್ಲ. ಓಡಿ ಬಂದು ಹೇಳಿದರೆ ಅಜ್ಜಿ ರಾಗಿ ಕೇರುತ್ತಲೇ, "ಕೆಳಗಿರೋನು ತನ್ ನೀರ ವಾಪಸ್ ಎಳ್ಕತಾವ್ನೆ" ಎಂದಳು. ಪೈಪಿನಲ್ಲಿದ್ದ ನೀರು ಕೆಳಗಿಳಿಯುವಾಗ ಪಂಪನ್ನು ಹಿಂದಕ್ಕೆ ತಿರುಗಿಸುತ್ತದೆ ಎಂಬ ವಿವರಣೆಯನ್ನು ನಾನು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ವಿವರಣೆ ತಿಳಿದರೆ ಭಯ ಹೋಗುತ್ತದೆ ಎನ್ನುತ್ತಾರೆ. ನನ್ನ ಅನುಭವ ಬೇರೆ. ವಿವರಣೆ ತಲೆಗೆ ಹೋಗುತ್ತದೆ, ಭಯ ಹೊಟ್ಟೆಯಲ್ಲೇ ಉಳಿಯುತ್ತದೆ.

ಒಂದು ಮಧ್ಯಾಹ್ನ ನನ್ನ ಏಳನೆಯದೋ ಎಂಟನೆಯದೋ ಎಂಜಿನ್ ಕೊನೆಗೂ ಸರಿಯಾಗಿ ತಿರುಗಿತು. ಎಂಟು ರೆಕ್ಕೆ ಹಾಕಿದ್ದೆ. ವೇಗ ಏರಿದಂತೆ ರೆಕ್ಕೆಗಳು ಕಲಸಿಹೋದವು, ಬೂದಿಬಣ್ಣದ ತಟ್ಟೆಯಾದವು, ಆಮೇಲೆ ಒಂದೊಂದಾಗಿ ಮತ್ತೆ ಕಾಣಿಸಿಕೊಂಡು ನಿಂತುಬಿಟ್ಟವು. ಎಂಟನ್ನೂ ಎಣಿಸಬಹುದಿತ್ತು. ಮೋಟಾರಿನ ಗುಂಯ್‌ಗುಡುವಿಕೆ ಮಾತ್ರ ಹಾಗೇ ಇತ್ತು. ನಾನು ಕುರ್ಚಿಯಿಂದ ಎದ್ದು ಹೋಗಿ ಹಿತ್ತಿಲಲ್ಲಿ ನಿಂತೆ.

ಕಾರಣ ಹೇಳಿಬಿಡುತ್ತೇನೆ. ನನ್ನ ಅಕ್ಕನ ಗಂಡ, ಅಂದರೆ ಭಾವ, ಕೆ.ಆರ್. ಪೇಟೆಯ ಆಚೆ ಒಂದು ಮಿಲ್ಲು ನಡೆಸುತ್ತಿದ್ದರು. ಒಂದು ಬದಿ ಅಕ್ಕಿ ಮಾಡುವ ಮಿಶನ್ನು, ಇನ್ನೊಂದು ಬದಿ ಹಿಟ್ಟಿನದು. ಕಿಟಕಿ ಇಲ್ಲದ ಶೆಡ್ಡು, ಹಗಲಲ್ಲೂ ಟ್ಯೂಬ್‌ಲೈಟ್ ಬೇಕು. ಹದಿನೆಂಟು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆ. ಅಕ್ಕಿ ಮಿಶನ್ನಿನ ಬೆಲ್ಟು ಜಾರುತ್ತಿದೆಯೆಂದು ಭಾವ ಅದರ ಸ್ವಿಚ್ಚು ಆರಿಸಿ ಬಂದರು; ಹಿಟ್ಟಿನದು ಓಡುತ್ತಲೇ ಇತ್ತು. ಚಕ್ರದ ಪಕ್ಕದಲ್ಲಿದ್ದವನು ನಾನು. ಆರು ತೋಳಿನ ಆ ಕಬ್ಬಿಣದ ಚಕ್ರವನ್ನು ನೋಡಿದೆ. ಆರೂ ತೋಳು ಸ್ಪಷ್ಟವಾಗಿ ಕಂಡವು. ನಾನು ಒಂದು ಮಾತು ಹೇಳಿದೆ. ಭಾವ ಕೈ ಹಾಕಿದರು. ಮುಂದಿನದನ್ನು ಬರೆಯುವುದಿಲ್ಲ. ಬಲಗೈಯ ಎರಡು ಬೆರಳು ಹೋದವು.

ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿಟುಕುತ್ತದೆ. ಪ್ರತಿ ಮಿಟುಕಿಗೂ ಚಕ್ರದ ಒಂದು ತೋಳು ಮುಂದಿನ ತೋಳಿನ ಜಾಗಕ್ಕೆ ಸರಿಯಾಗಿ ಬಂದು ನಿಂತರೆ, ಓಡುವ ಚಕ್ರ ನಿಂತಂತೆ ಕಾಣುತ್ತದೆ. ಕಂಪ್ಯೂಟರಿನ ಪರದೆ ಮಾಡುವುದೂ ಇದೇ ಮೋಸವನ್ನು. ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಪಠ್ಯದಲ್ಲಿ ಇರಲಿಲ್ಲ. ಮೇಷ್ಟ್ರಿಗೆ ಎಷ್ಟು ಗೊತ್ತಿದೆ ಎಂದು ಮಕ್ಕಳು ಬೆರಗಾಗಲಿ ಎಂದು ಹೇಳುತ್ತಿದ್ದದ್ದು. ಇಡೀ ತಾಲ್ಲೂಕಿನಲ್ಲಿ ಆ ತಪ್ಪನ್ನು ಮಾಡಬಾರದವನು ಒಬ್ಬನಿದ್ದರೆ ಅದು ನಾನು, ಮಾಡಿದವನೂ ನಾನೇ.

ಆ ಮಾತು ಏನೆಂದು ಹೆಂಡತಿಗೂ ಹೇಳಿಲ್ಲ. ಆಗ ಅಲ್ಲಿ ನಾವಿಬ್ಬರಲ್ಲದೆ ಬೇರೆ ಯಾರೂ ಇರಲಿಲ್ಲ. ಭಾವ ಒಮ್ಮೆಯೂ ಆ ವಿಷಯ ಎತ್ತಲಿಲ್ಲ. ಅವರಿಗೆ ಆ ಮಾತು ಕೇಳಿಸಿತ್ತೋ ಇಲ್ಲವೋ, ಮನಸ್ಸಿನಲ್ಲಿ ನನ್ನನ್ನು ಶಪಿಸುತ್ತಾರೋ ಕ್ಷಮಿಸಿದ್ದಾರೋ, ಹದಿನೆಂಟು ವರ್ಷದಲ್ಲಿ ತಿಳಿಯಲಿಲ್ಲ. ಹಬ್ಬಕ್ಕೆ ಜೊತೆಯಲ್ಲಿ ಊಟಕ್ಕೆ ಕೂತರೆ ಅವರು ಉಳಿದ ಬೆರಳುಗಳಲ್ಲಿ ಮುದ್ದೆ ಮುರಿಯುವುದನ್ನು ನೋಡಲಾರದೆ ನಾನು ನನ್ನ ಸಾರಿನ ಬಟ್ಟಲನ್ನೇ ನೋಡುತ್ತಿದ್ದೆ. ಕೇಳಿಬಿಡಬೇಕು ಎಂದುಕೊಂಡು ಬಸ್ಸು ಹತ್ತಿದ್ದು ಎಷ್ಟು ಸಲವೋ. ಕೇಳದೆ ವಾಪಸು ಬಂದದ್ದೂ ಅಷ್ಟೇ ಸಲ.

ಈ ಸಲ ಅವರೇ ಅಕ್ಕನ ಜೊತೆ ನಮ್ಮ ಮನೆಗೆ ಬಂದರು. ಕಣ್ಣಿನ ಪೊರೆ ತೆಗೆಸಿಕೊಳ್ಳುವುದಕ್ಕೆ ಮೈಸೂರಿಗೆ ಓಡಾಡಬೇಕಿತ್ತು, ಪಾಂಡವಪುರದಿಂದ ಅನುಕೂಲ. ಆಪರೇಷನ್ ಆದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು, ಬಲಗೈಯನ್ನು ಎಂದಿನಂತೆ ಹೆಗಲ ಟವೆಲಿನಲ್ಲಿ ಸುತ್ತಿಕೊಂಡು ಜಗಲಿಯಲ್ಲಿ ಕೂತರು. ಟಿವಿ ನೋಡುವಂತಿಲ್ಲ, ಪೇಪರು ಓದುವಂತಿಲ್ಲ. ಎರಡನೆಯ ದಿನ ಮಧ್ಯಾಹ್ನ ಕೋಣೆಯೊಳಗಿನಿಂದ ಮೋಟಾರಿನ ಶಬ್ದ ಕೇಳಿ, ಎದ್ದು ಬಂದು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. ಪರದೆ ನೋಡಬೇಡಿ ಎಂದು ವೈದ್ಯರು ಹೇಳಿದ್ದಾರೆ ಎಂದೆ. ನೋಡುವುದಿಲ್ಲ, ಕೇಳುತ್ತೇನೆ ಎಂದರು. ಭಾವನ ಕಿವಿಯ ವಿಷಯ ನಮ್ಮ ನಂಟರಲ್ಲೆಲ್ಲ ಪ್ರಸಿದ್ಧ. ಬೀದಿಯಲ್ಲಿ ನಡೆದು ಹೋಗುತ್ತಲೇ, ಒಳಗೆ ಯಾರ ಮಿಲ್ಲಿನ ಬೆಲ್ಟು ಸಡಿಲವಾಗಿದೆ, ಯಾರ ಬೇರಿಂಗಿನಲ್ಲಿ ಗ್ರೀಸು ಒಣಗಿದೆ ಎಂದು ಹೇಳಬಲ್ಲವರು ಅವರು.

ಆಗ ನನ್ನ ತೊಂದರೆ ಹೀಗಿತ್ತು. ವಿಮಾನದ ಎರಡು ಬದಿಗೆ ಎರಡು ಪ್ರೊಪೆಲ್ಲರ್ ಕಟ್ಟಿದ್ದೆ. ವಿಮಾನ ನೆಲ ಬಿಟ್ಟ ಕೂಡಲೇ ಎಡಕ್ಕೆ ಹೊರಳಿ ಬೆನ್ನು ಕೆಳಗಾಗಿ ಬೀಳುತ್ತಿತ್ತು. ಮೋಟಾರು ರೆಕ್ಕೆಗಳನ್ನು ಬಲಕ್ಕೆ ತಿರುಗಿಸಿದರೆ ರೆಕ್ಕೆಗಳು ಮೋಟಾರನ್ನು ಎಡಕ್ಕೆ ನೂಕುತ್ತವೆ. ಇದೂ ನನ್ನದೇ ಪಾಠ. ಆದರೆ ಕಟ್ಟುವಾಗ ಕೈ ತಾನಾಗಿ ಎರಡನ್ನೂ ಪ್ರದಕ್ಷಿಣೆಗೆ ಹಚ್ಚಿತ್ತು. ಒಳ್ಳೆಯ ಕೆಲಸಕ್ಕೆ ಎಡಕ್ಕೆ ಸುತ್ತುವುದುಂಟೇ? ಹೊರಳುವುದನ್ನು ವಿವರಿಸಿದೆ. ಭಾವ ಕನ್ನಡಕದೊಳಗೇ ನಕ್ಕರು.

"ಎರಡೂ ಬಲದೆತ್ತನ್ನೇ ತಂದು ನೊಗಕ್ಕೆ ಕಟ್ಟಿದ್ದೀಯಲ್ಲಾ ಲೇ ಬಾಮೈದ. ಗಾಡಿ ಮಗುಚ್ಕಳ್ದೆ ಇನ್ನೇನಾದದು? ಒಂದ ಎಡಕ್ಕೆ ಕಟ್ಟು."

ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. "ಗುಡಿ ಸುತ್ತದು ಬಲಕ್ಕೆ, ಗುಣಿ ಸುತ್ತದು ಎಡಕ್ಕೆ. ಎರಡ್ನೂ ಒಂದೇ ಗಾಡಿಗೆ ಕಟ್ತಾವ್ರೆ" ಎಂದು ಅವರೆಕಾಯಿಗೆ ಹೇಳಿದಳು.

ಗುಣಿ ಎಂದರೆ ಹೆಣ ಇಳಿಸುವ ಗುಂಡಿ. ಆದರೂ ಒಂದು ಮೋಟಾರನ್ನು ಎಡಕ್ಕೆ ತಿರುಗಿಸಿ, ಅದರ ಎಂಟು ರೆಕ್ಕೆಗಳನ್ನು ಬಿಚ್ಚಿ ಓರೆ ಬದಲಾಯಿಸಿ ಕೂರಿಸಿದೆ. ಒಂದು ಗುಡಿ ಸುತ್ತಿತು, ಇನ್ನೊಂದು ಗುಣಿ ಸುತ್ತಿತು, ವಿಮಾನ ಒಂದಿಷ್ಟೂ ಹೊರಳದೆ ನೆಟ್ಟಗೆ ಎದ್ದಿತು. ಎಷ್ಟು ಸಂತೋಷವಾಯಿತೆಂದರೆ ಭಾವನ ತೊಡೆಗೆ ಹೊಡೆದುಬಿಟ್ಟೆ. ನೆಲ ಸಣ್ಣದಾಯಿತು. ಕೆಳಗೆ ಅಲೆಯಿಲ್ಲದ ಸಮುದ್ರ ಬಂದಿತು. ಆ ಲೋಕದ ಸಮುದ್ರದಲ್ಲಿ ಒಂದು ದೋಣಿಯಿಲ್ಲ, ದಡದಲ್ಲಿ ಒಂದು ಮನೆಯಿಲ್ಲ, ಆಕಾಶದಲ್ಲಿ ಒಂದು ಹಕ್ಕಿಯಿಲ್ಲ. ಅಷ್ಟು ದೊಡ್ಡ ಲೋಕಕ್ಕೆ ನಾವು ಕಳಿಸಿದ ಹಸಿರು ಮುಖದವನೊಬ್ಬನೇ. ಚೀಟಿ ಬಿದ್ದುಹೋಗಿದ್ದ ಮೂಲೆಯಲ್ಲಿ ಅವನು ನಗುತ್ತಿದ್ದ.

ಆಗ ಎರಡೂ ಪ್ರೊಪೆಲ್ಲರುಗಳು ನಿಂತಂತೆ ಕಂಡವು. ಭಾವ ಪಕ್ಕದಲ್ಲೇ ಇದ್ದರು. ಅವರು ಪರದೆ ನೋಡದಿರಲಿ ಎಂದು ಬೇಡಿಕೊಂಡೆ. ರೆಕ್ಕೆಗಳು ಸ್ವಲ್ಪ ಹೊತ್ತು ಹಾಗೇ ಇದ್ದು, ಹಿಂದಕ್ಕೆ ತೆವಳಿ, ಮತ್ತೆ ಕಲಸಿಹೋಗಿ, ಕೊನೆಗೆ ಆರಾಮವಾಗಿ ಕಣ್ಣಿಗೆ ಕಾಣುವಂತೆ ಸುತ್ತತೊಡಗಿದವು. ಸರಿ ಹೋಯಿತು, ಚೆನ್ನಾಗಿ ತಿರುಗುತ್ತಿದೆ ಎಂದೆ.

"ಇಲ್ಲ ಕಣ್ಲಾ. ಮೋಟ್ರು ಸತ್ತೋಯ್ತು," ಎಂದರು ಭಾವ. "ಈಗ ತಿರುಗುಸ್ತಿರದು ಗಾಳಿ."

ನೋಡಿದರೆ ಬ್ಯಾಟರಿ ಬರಿದಾಗಿತ್ತು. ಸತ್ತ ಎಂಜಿನ್ನನ್ನು ಎದುರುಗಾಳಿ ತಿರುಗಿಸುತ್ತಿತ್ತು. ಅಂಥ ಪ್ರೊಪೆಲ್ಲರ್ ನಿಂತದ್ದಕ್ಕಿಂತ ಕೆಟ್ಟದ್ದು, ವಿಮಾನವನ್ನು ಹಿಡಿದು ಎಳೆಯುತ್ತದೆ. ನಮ್ಮ ವಿಮಾನ ಸದ್ದಿಲ್ಲದೆ, ರೆಕ್ಕೆ ತಿರುಗಿಸಿಕೊಂಡು, ಆ ಖಾಲಿ ಸಮುದ್ರದೊಳಕ್ಕೆ ಇಳಿದುಹೋಯಿತು. ನೀರು ಮುಚ್ಚಿಕೊಂಡ ಮೇಲೆ ಅಲ್ಲೊಂದು ವಿಮಾನವಿತ್ತು ಎನ್ನುವುದಕ್ಕೆ ಒಂದು ಗುಳ್ಳೆಯೂ ಸಾಕ್ಷಿಯಿರಲಿಲ್ಲ. ಆಟ ಎಂದಿನಂತೆ ಕೇಳಿತು: ಮುಂಚಿನ ಕ್ಷಣಕ್ಕೆ ಹಿಂತಿರುಗಬೇಕೇ?

ನನಗೆ ಆ ಗುಂಡಿ ಒತ್ತಲಾಗಲಿಲ್ಲ. ಅಕ್ಕ ಅವರೆಕಾಳು ತೊಳೆಯಲು ಒಳಗೆ ಹೋಗಿದ್ದಳು. ಈಗ ಕೇಳದಿದ್ದರೆ ಇನ್ನು ಈ ಜನ್ಮದಲ್ಲಿ ಕೇಳುವವನಲ್ಲ ಎಂದು ನನಗೆ ಗೊತ್ತಾಯಿತು.

"ಭಾವ, ಅವತ್ತು ಮಿಲ್ಲಲ್ಲಿ ನಾನು..." ಎಂದೆ.

ಅವರು ಪರದೆಯ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಟವೆಲಿನೊಳಗಿಂದ ಬಲಗೈ ತೆಗೆದು ಕನ್ನಡಕ ಸರಿಮಾಡಿಕೊಂಡರು.

"'ನಿಂತೋಯ್ತು ಭಾವ, ಧೈರ್ಯವಾಗಿ ಕೈ ಹಾಕಿ' ಅಂದ್ಯಲ್ಲ, ಅದಾ? ನಂಗೆ ಕೇಳ್ಸೇ ಇರ್ನಿಲ್ಲ ಕಣ್ಲಾ. ಆ ಹಿಟ್ಟಿನ್ ಮಿಶನ್ ಗದ್ದಲದಲ್ಲಿ ಯಾರ್ಗೆ ಏನ್ ಕೇಳದು? ನನ್ ಕಣ್ಗೇ ನಿಂತಂಗೆ ಕಾಣ್ತು, ಕೈ ಆಕ್ದೆ."

ಕೇಳಿಸದ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಾನು ಇಷ್ಟು ವರ್ಷ ನುಂಗಿಕೊಂಡಿದ್ದ ಆ 'ಧೈರ್ಯವಾಗಿ' ಕೂಡ ಅದರ ಜಾಗದಲ್ಲೇ ಇತ್ತು. ಮೂವತ್ತೊಂದು ವರ್ಷ ಮಕ್ಕಳ ಉತ್ತರಗಳಲ್ಲಿ ಹುಳುಕು ಹುಡುಕಿದವನು ನಾನು. ಅಭ್ಯಾಸಬಲದಿಂದ ಬಾಯಿ ತೆರೆದೆ. ಕಣ್ಣು ತುಂಬಿಕೊಂಡು ಎದುರಿದ್ದದ್ದೆಲ್ಲ ಕಲಸಿಹೋಯಿತು.

"ಹೌದು ಭಾವ," ಎಂದೆ. "ಗದ್ದಲ ಜಾಸ್ತಿ ಇತ್ತು."