ಬದನೆಕಾಯಿಯ ಮುನ್ಸೀಫರು

ನಾನು ಶಿಕಾರಿಪುರದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದಾಗ ನಮಗೊಬ್ಬ ಮುನ್ಸೀಫರಿದ್ದರು. ಬದನೆಕಾಯಿ ಎಂದರೆ ಅವರಿಗೆ ಪ್ರಾಣ. ಶಿರಾಳಕೊಪ್ಪದ ಸಂತೆಯ ದಿನ ಕೇಸುಗಳನ್ನೆಲ್ಲ ಮುಂದೂಡಿ, ಕರೀ ಕೋಟಿನಲ್ಲೇ ಬಸ್ಸು ಹತ್ತಿಬಿಡುತ್ತಿದ್ದರು. ಉಳಿದ ದಿನ ಮಾತ್ರ ಬಲು ಕಟ್ಟುನಿಟ್ಟು. ಸಾಕ್ಷಿ ತೊದಲಿದರೆ ಪೆನ್ಸಿಲಿನಿಂದ ಮೇಜು ಕುಟ್ಟಿ, "ಪ್ರಮಾಣ ಮಾಡಿದ್ದೀಯ, ನಿಜ ಹೇಳು" ಎನ್ನುತ್ತಿದ್ದರು.

ಯಾರೋ ದೂರು ಕೊಟ್ಟರು. ವಿಚಾರಣೆಗೆ ಬಂದ ಜಿಲ್ಲಾ ಜಡ್ಜರು, ಸಂತೆಯಲ್ಲಿ ಬದನೆಕಾಯಿ ಮಾರುವ ಉಳವಿಯ ಅಜ್ಜಿಯನ್ನು ಸಾಕ್ಷಿಗೆ ಕರೆಸಿದರು. ಬೆವರುತ್ತಿದ್ದ ನಮ್ಮ ಸಾಹೇಬರನ್ನು ಕಂಡು ಅಜ್ಜಿಗೆ ಕನಿಕರವಾಯಿತು.

"ಇವ್ರನ್ನ ನಾ ಸಂತೇಲಿ ಕಂಡೇ ಇಲ್ಲ ಕಣ್ರೀ."

ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಮೇಜು ಕುಟ್ಟಿದ ಸದ್ದಾಯಿತು. ನಮ್ಮ ಸಾಹೇಬರೇ ಗದರಿದರು: "ಅಜ್ಜೀ, ಪ್ರಮಾಣ ಮಾಡಿದ್ದೀಯ, ನಿಜ ಹೇಳು!"

ಅಜ್ಜಿ ಹೆದರಿ ನಿಜ ಹೇಳಿದಳು, ಅವರು ನಯಾಪೈಸೆಗೆ ಮಾಡಿದ ಚೌಕಾಸಿಯನ್ನೂ ಬಿಡದೆ.