ಎರಡು ಕಾವಲಿಗಳ ಮನೆ

ಗೋದಮ್ಮನಿಗೆ ಮದುವೆಯಾದಾಗ ನಲವತ್ತೆರಡು ತುಂಬಿತ್ತು. ಗೌರಿಬಿದನೂರಿನಲ್ಲಿ ಅಪ್ಪ ತೀರಿಕೊಂಡ ಮೇಲೆ ತಮ್ಮಂದಿರಿಬ್ಬರನ್ನೂ ಓದಿಸಿ, ಅವರಿಗೊಂದು ದಾರಿ ಮಾಡಿ, ತಲೆಯೆತ್ತಿ ನೋಡುವಷ್ಟರಲ್ಲಿ ಅವಳನ್ನು ಕೇಳಿಕೊಂಡು ಬಂದಿದ್ದ ಗಂಡುಗಳೆಲ್ಲ ಬೇರೆ ಬೇರೆ ಮನೆಗಳ ಅಳಿಯಂದಿರಾಗಿದ್ದರು. ಅದರ ಕೊರಗೇನೂ ಅವಳಿಗಿರಲಿಲ್ಲ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತ, ಬಾಡಿಗೆ ಕೋಣೆಯಲ್ಲಿ ಬೆಳಗ್ಗೆ ಅವಲಕ್ಕಿ ನೆನೆಸಿಕೊಂಡು, ಸಂಜೆ ಒಂದು ಪಾವು ಅಕ್ಕಿ ಬೇಯಿಸಿಕೊಂಡು ನೆಮ್ಮದಿಯಾಗಿಯೇ ಇದ್ದಳು. ಅಂಥವಳನ್ನು ತಾಲ್ಲೂಕು ಕಚೇರಿಯ ಗುಮಾಸ್ತ ವರದರಾಜನಿಗೆ ಗಂಟು ಹಾಕಿದ್ದು ಜೊತೆಯ ಟೀಚರ್ ಭಾನುಪ್ರಿಯಾ. ವರದರಾಜನ ಹೆಂಡತಿ ಶ್ಯಾಮಲ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ನಂದಿಯ ದೇವಸ್ಥಾನದಲ್ಲಿ ಹತ್ತು ಜನರ ಮುಂದೆ ತಾಳಿ ಕಟ್ಟಿಸಿಕೊಂಡು ಸಂಜೆಯ ಹೊತ್ತಿಗೆ ಗೋದಮ್ಮ ಗಂಡನ ಮನೆಗೆ ಬಂದಳು.

ಮನೆಯಲ್ಲಿ ರಂಜನಿಯಿದ್ದಳು. ವರದರಾಜನ ಒಬ್ಬಳೇ ಮಗಳು. ಚಿಕ್ಕಬಳ್ಳಾಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದುತ್ತಿದ್ದಳು. ಹತ್ತನೇ ಕ್ಲಾಸಿನಲ್ಲಿ ಗೋದಮ್ಮನ ಹತ್ತಿರವೇ ಗಣಿತ ಕಲಿತವಳು.

"ನಿಮ್ಮನ್ನ ಮಿಸ್ ಅಂತ್ಲೇ ಕರೀತೀನಿ. ಬೇರೇದು ಬಾಯಿಗೆ ಬರಲ್ಲ," ಎಂದು ಮೊದಲ ದಿನವೇ ಹೇಳಿಬಿಟ್ಟಳು.

"ಹಂಗೇ ಕರಿಯಮ್ಮ. ನನಗೂ ಅದೇ ಅಭ್ಯಾಸ," ಎಂದಳು ಗೋದಮ್ಮ.

ಜಗಳವೇನೂ ಇರಲಿಲ್ಲ. ಆದರೆ ಆ ಮನೆಯಲ್ಲಿ ಶ್ಯಾಮಲಳ ಹೆಸರನ್ನು ಗೋದಮ್ಮನೆದುರು ಯಾರೂ ಎತ್ತುತ್ತಿರಲಿಲ್ಲ. ಗೋದಮ್ಮ ಅಡುಗೆಮನೆಗೆ ಹೋದರೆ ಅಪ್ಪ ಮಗಳ ಮಾತು ತಗ್ಗುತ್ತಿತ್ತು. ಹೊಸ ಶಾಲೆಗೆ ವರ್ಗವಾಗಿ ಬಂದ ಟೀಚರಿನ ಎದುರು ಮಕ್ಕಳು ಹೇಗೆ ಕೈಕಟ್ಟಿ ಕೂರುತ್ತಾರೋ ಹಾಗೆ.

ಎರಡನೆಯ ವಾರ ಗೋದಮ್ಮ ಅಡುಗೆಮನೆಯನ್ನು ತೊಳೆಯಲು ನಿಂತಳು. ಗೋಡೆಯ ಮೊಳೆಯಲ್ಲಿ ಕಬ್ಬಿಣದ ಕಾವಲಿಯೊಂದು ನೇತಾಡುತ್ತಿತ್ತು. ಕಪ್ಪಗೆ, ಜಿಡ್ಡಾಗಿ, ಬೆರಳಿಟ್ಟರೆ ಜಾರುತ್ತಿತ್ತು. ಬಾಡಿಗೆ ಕೋಣೆಯಲ್ಲಿ ಅವಳ ಹತ್ತಿರ ಇದ್ದದ್ದು ಒಂದು ನಾನ್‌ಸ್ಟಿಕ್ ತವ. ಅದಕ್ಕೂ ಮುಂಚೆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ಅಮ್ಮ. ಹೀಗಾಗಿ ಆ ಕರಿಯ ಬಣ್ಣವೇ ಕಾವಲಿಯ ಜೀವ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಪಾಪ, ಮೂರು ವರ್ಷದಿಂದ ಗಂಡಸಿನ ಕೈಗೆ ಸಿಕ್ಕು ಹಾಳಾಗಿದೆ ಅಂದುಕೊಂಡಳು. ಸೋಪಿನ ಪುಡಿ ಹಾಕಿ, ಸ್ಟೀಲಿನ ನಾರಿನಲ್ಲಿ ಬೆವರಿಳಿಯುವವರೆಗೂ ತಿಕ್ಕಿದಳು. ಒಳಗಿನ ಬೂದು ಬಣ್ಣ ಕಾಣುವಂತಾದಾಗ ಅವಳಿಗೆ ಖುಷಿಯೇ ಆಯಿತು.

ನೀರು ಕುಡಿಯಲು ಬಂದ ರಂಜನಿ ಬಾಗಿಲಲ್ಲೇ ನಿಂತುಬಿಟ್ಟಳು.

"ಅಮ್ಮ ಅದಕ್ಕೆ ಸೋಪೇ ಮುಟ್ಟಿಸ್ತಿರ್ಲಿಲ್ಲ," ಅಂದಳು. ದನಿ ಏರಿಸಲಿಲ್ಲ. ಲೋಟವನ್ನು ಅಲ್ಲೇ ಇಟ್ಟು, ಬ್ಯಾಗು ಹೆಗಲಿಗೇರಿಸಿಕೊಂಡು ತಿಂಡಿ ತಿನ್ನದೆ ಬಸ್ಸಿಗೆ ಹೋದಳು.

ಮಾರನೆಯ ದಿನ ಆ ಕಾವಲಿಯ ಮೇಲೆ ದೋಸೆ ಹುಯ್ದರೆ ಏಳಲಿಲ್ಲ. ಸೌಟಿನಲ್ಲಿ ಕೆರೆದರೆ ಚಿಂದಿಯಾಗಿ ಬಂತು. ತೊಳೆದಿಟ್ಟ ಕಾವಲಿಗೆ ಎರಡೇ ದಿನದಲ್ಲಿ ತುಕ್ಕಿನ ಕೆಂಪು ಮೂಡಿತು. ಗೋದಮ್ಮ ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಆಮೇಲೆ ಬೆಳಗ್ಗೆ ಉಪ್ಪಿಟ್ಟು, ಚಿತ್ರಾನ್ನ ಅಷ್ಟೇ. ರಂಜನಿ ಎರಡು ತುತ್ತು ತಿಂದು "ಬಸ್ಸಿಗೆ ಹೊತ್ತಾಯ್ತು ಮಿಸ್" ಎಂದು ಎದ್ದುಬಿಡುತ್ತಿದ್ದಳು. ಅವಳಿಗೆ ಇಷ್ಟದ್ದು ದೋಸೆ ಎಂದು ಗೋದಮ್ಮನಿಗೆ ಗೊತ್ತಾಗಿತ್ತು. ಕಾವಲಿಯ ಮಾತು ತೆಗೆಯುವ ಧೈರ್ಯ ಮಾತ್ರ ಇರಲಿಲ್ಲ.

ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಕೇಳಿದ ಭಾನುಪ್ರಿಯಾ ಮೊಬೈಲು ತೆಗೆದು ತೋರಿಸಿದಳು. "ಇದು ನೋಡ್ರಿ, ಒಳ್ಳೇ ಕಂಪನಿದು. ಕ್ಯಾಸ್ಟ್ ಐರನ್. ಎಣ್ಣೆಯಲ್ಲಿ ಹದ ಮಾಡಿಯೇ ಕಳಿಸ್ತಾರಂತೆ, ಏನೂ ಅಂಟಲ್ಲ. ರೇಟು ಮಾತ್ರ ಸ್ವಲ್ಪ ಜೋರು."

ಸ್ವಲ್ಪವಲ್ಲ, ಭಾರೀ ಜೋರು. ಐದು ಸಾವಿರದ ಹತ್ತಿರ. ತನಗೆಂದು ಅಷ್ಟು ದುಡ್ಡಿನ ಸೀರೆಯನ್ನೂ ಕೊಂಡವಳಲ್ಲ ಗೋದಮ್ಮ. ಆದರೂ ಆ ಮಗು ಹೊಟ್ಟೆತುಂಬ ತಿಂದು ಬಸ್ಸು ಹತ್ತಲಿ ಅನ್ನಿಸಿತು. ತರಿಸಿದಳು.

ಪೆಟ್ಟಿಗೆ ತಂದುಕೊಟ್ಟ ಹುಡುಗನೇ "ಏನ್ ಮೇಡಂ, ಇದರೊಳಗೆ ಬೀಸೋಕಲ್ಲು ಇದೆಯಾ?" ಎಂದ. ಬಿಚ್ಚಿದರೆ ಬೀಡು ಕಬ್ಬಿಣದ ಕಾವಲಿ, ಎರಡು ಕೈಯಲ್ಲಿ ಹಿಡಿದರೂ ತೋಳು ಜಗ್ಗುವಷ್ಟು ಭಾರ. ಪಕ್ಕದ ಮನೆಯ ವೆಂಕಟರತ್ನಮ್ಮ ಕಾಂಪೌಂಡಿನ ಆಚೆಯಿಂದಲೇ ಬೆಲೆ ಕೇಳಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ದೇವುಡಾ! ಚಿಂತಾಮಣಿ ಸಂತೇಲಿ ಇದೇ ದುಡ್ಡಿಗೆ ಬೀದಿಗೆಲ್ಲ ಒಂದೊಂದು ಕಾವಲಿ ಹಂಚಬಹುದಿತ್ತಲ್ಲ ಗೋದಮ್ಮ. ಇದರಲ್ಲಿ ಬಂಗಾರ ಏನಾದ್ರೂ ಬೆರೆಸವರಾ?"

ವರದರಾಜ ಬೆಲೆಯ ಗೋಜಿಗೆ ಹೋಗಲಿಲ್ಲ. ಕಾವಲಿಯನ್ನು ಒಮ್ಮೆ ಎತ್ತಿ ನೋಡಿ, "ನೀವೇ ಎತ್ತಬೇಡಿ, ನನ್ನ ಕರೀರಿ. ಕಾಲ ಮೇಲೆ ಬಿದ್ದಾತು," ಅಂದ. ಮದುವೆಯಾಗಿ ತಿಂಗಳು ಕಳೆದರೂ ಇಬ್ಬರೂ ಒಬ್ಬರಿಗೊಬ್ಬರು ಬಹುವಚನವನ್ನೇ ಆಡುತ್ತಿದ್ದರು.

ಭಾನುವಾರ ಬೆಳಗ್ಗೆ ಗೋದಮ್ಮ ಹಿಟ್ಟು ಹದ ಮಾಡಿಕೊಂಡಳು. ಒಲೆ ಜೋರು ಮಾಡಿ ಕಾವಲಿ ಕಾಯಿಸಿದಳು. ಹೊಗೆ ಎದ್ದಿತು. ಹಿಟ್ಟು ಹುಯ್ದಳು. ಚುಂಯ್ ಎಂದು ಸದ್ದು ಬಂತು, ದೋಸೆಯ ಸುತ್ತಲೂ ಕಂದು ಬಣ್ಣವೂ ಬಂತು. ಮೊಗಚೆಕೈಯಿಂದ ಮಗುಚಲು ಹೋದರೆ ಅಲುಗಲಿಲ್ಲ. ನಡುವೆ ಹರಿದುಕೊಂಡು ಅರ್ಧ ಬಂತು, ಅರ್ಧ ಕಾವಲಿಗೇ ಕಚ್ಚಿಕೊಂಡಿತು. ಇನ್ನೊಂದು ಹುಯ್ದಳು, ಅದೂ ಹಾಗೇ. ಮತ್ತೊಂದು ಸೀದೇಹೋಯಿತು. ನಲವತ್ತು ಮಕ್ಕಳ ಕ್ಲಾಸನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುತ್ತಿದ್ದ ಗೋದಮ್ಮ ಮೊಗಚೆಕೈ ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕುಳಿತಳು. ಸೆರಗು ಬಾಯಿಗೆ ಒತ್ತಿಕೊಂಡರೂ ಅಳು ನಿಲ್ಲಲಿಲ್ಲ.

ಸೀದ ವಾಸನೆಗೆ ಎದ್ದು ಬಂದ ರಂಜನಿ ಗಾಬರಿಯಾದಳು. ಬೋರ್ಡಿನ ಮುಂದೆ ನೆಟ್ಟಗೆ ನಿಲ್ಲುತ್ತಿದ್ದ ಮಿಸ್ಸು ಹೀಗೆ ಹಿಟ್ಟಿನ ಕೈಯಲ್ಲಿ ಅಳುವುದನ್ನು ಅವಳು ಎಣಿಸಿಯೂ ಇರಲಿಲ್ಲ. ಮೊದಲು ಒಲೆ ಆರಿಸಿದಳು. ಆಮೇಲೆ ಮೆಲ್ಲಗೆ ಪಕ್ಕದಲ್ಲಿ ಕುಳಿತಳು.

"ದೋಸೆಗೆ ಯಾಕೆ ಮಿಸ್ ಅಳ್ತೀರ?"

"ದೋಸೆಗಲ್ಲಮ್ಮ. ನಿಮ್ಮಮ್ಮನ ಕಾವಲಿ ಹಾಳು ಮಾಡ್ಬಿಟ್ಟೆ. ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಇದಾದ್ರೂ ಸರಿಹೋಗ್ಲಿ ಅಂತ ತರಿಸ್ದೆ. ಇದೂ ನನ್ನ ಕೈಗೆ ಬಗ್ತಿಲ್ಲ."

ರಂಜನಿ ಎದ್ದಳು. ಅವಳ ಕಣ್ಣೂ ತುಂಬಿತ್ತು. ಸ್ಟೂಲು ಎಳೆದು ಹತ್ತಿ, ಅಟ್ಟದಿಂದ ಟವೆಲಿನ ಗಂಟು ಇಳಿಸಿ ಬಿಚ್ಚಿದಳು. ತುಕ್ಕು ಈಗ ಕಾವಲಿಯ ತುಂಬ ಹರಡಿತ್ತು.

"ಇದನ್ನ ಅಮ್ಮ ತಂದಾಗ್ಲೂ ಹಿಂಗೇ ಅಂಟ್ತಿತ್ತಂತೆ ಮಿಸ್. ನಾನಿನ್ನೂ ಹುಟ್ಟಿರ್ಲಿಲ್ಲ. ತಿಂಗಳೆಲ್ಲ ಅಪ್ಪ ಹರಿದ ದೋಸೆನೇ ತಿಂದ್ನಂತೆ. ಒಂದಿನಾನೂ ಬೇಜಾರು ಮಾಡ್ಕೊಳ್ಳಲಿಲ್ಲ ಅಂತ ಅಮ್ಮ ಯಾವಾಗ್ಲೂ ಹೇಳೋಳು."

"ಹರಿದ ದೋಸೆಗೆ ಚಟ್ನಿ ಚೆನ್ನಾಗಿ ಹತ್ತುತ್ತೆ," ಎಂದು ಬಾಗಿಲಿನಿಂದ ದನಿ ಬಂತು. ವರದರಾಜ ಯಾವಾಗಲೋ ಬಂದು ನಿಂತಿದ್ದ.

ಅವತ್ತು ಮನೆಮಂದಿಯೆಲ್ಲ ಹಿತ್ತಲಿನಲ್ಲಿ ಕೂತರು. ರಂಜನಿ ಹಳೆಯ ಕಾವಲಿಯ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿದಳು. ಅಮ್ಮ ಮಾಡುತ್ತಿದ್ದದ್ದು ಅವಳಿಗೆ ಅರೆಬರೆ ನೆನಪು. ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕುವುದು ಮೊದಲೋ, ಎಣ್ಣೆ ಹಚ್ಚುವುದು ಮೊದಲೋ ಎಂದು ಅಪ್ಪ ಮಗಳಿಗೆ ವಾದವಾಯಿತು. ಕೊನೆಗೆ ವೆಂಕಟರತ್ನಮ್ಮನೇ ಒಂದು ಬಟ್ಟಲು ಹರಳೆಣ್ಣೆ ಹಿಡಿದುಕೊಂಡು ಈಚೆ ಬಂದು, ನೀರು ಮೊದಲು ಎಂದು ತೀರ್ಮಾನ ಕೊಟ್ಟರು. ಆಮೇಲೆ ಪ್ರತಿ ಸಂಜೆ ಗೋದಮ್ಮ ಎರಡೂ ಕಾವಲಿಗಳನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಅರ್ಧ ಈರುಳ್ಳಿಯಲ್ಲಿ ತಿಕ್ಕಿ ಇಡತೊಡಗಿದಳು. ರಂಜನಿ ಪುಸ್ತಕ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದಳು. ಓದುವುದಕ್ಕಿಂತ ಮಾತೇ ಹೆಚ್ಚು. ಅಮ್ಮನಿಗೆ ಅವರೆಕಾಯಿ ಸೊಗಡೆಂದರೆ ಪ್ರಾಣ, ಸಾದಲಿಯ ತವರಿನಲ್ಲಿ ರೇಷ್ಮೆ ಹುಳು ಸಾಕುವಾಗ ಸೊಪ್ಪು ಹಾಕುತ್ತ ಹಾಡುತ್ತಿದ್ದಳು, ಹಲ್ಲಿಯನ್ನು ಕಂಡರೆ ಹೆದರುತ್ತಿದ್ದಳು. ಹೀಗೆ ಶ್ಯಾಮಲ ಒಂದೊಂದೇ ಸುದ್ದಿಯಾಗಿ ಗೋದಮ್ಮನಿಗೆ ಪರಿಚಯವಾದಳು. ಕಂಡಿರದ ಆ ಹೆಂಗಸಿನ ಮೇಲೆ ಗೋದಮ್ಮನಿಗೆ ಒಂದು ಥರದ ಅಕ್ಕರೆ ಹುಟ್ಟಿತು.

ಸಂಕ್ರಾಂತಿಯ ಹೊತ್ತಿಗೆ ಎರಡೂ ಕಾವಲಿ ಹದಕ್ಕೆ ಬಂದಿದ್ದವು. ಒಂದು ಬೆಳಗ್ಗೆ ರಂಜನಿ ಅಪ್ಪನ ಕಣ್ಣಿಗೆ ಟವೆಲು ಕಟ್ಟಿ, ಗೋದಮ್ಮ ಹುಯ್ದ ಎರಡು ದೋಸೆ ತಿನ್ನಿಸಿದಳು. ಯಾವುದು ಯಾವ ಕಾವಲಿಯದು ಹೇಳಬೇಕು.

"ಇದು ಹಳೇದು. ಸಂದೇಹವೇ ಇಲ್ಲ," ಎಂದ ವರದರಾಜ ಎರಡನೆಯದನ್ನು ಅಗಿಯುತ್ತ. "ಶ್ಯಾಮಲನ ದೋಸೆ ರುಚಿ ನಂಗೊತ್ತಾಗಲ್ವಾ?"

"ಎರಡೂ ಹೊಸದರಲ್ಲೇ ಹುಯ್ದಿದ್ದು ಕಣಪ್ಪ!"

ಗೋದಮ್ಮ ನಕ್ಕು ನಕ್ಕು ಒಲೆಯ ಕಟ್ಟೆ ಹಿಡಿದುಕೊಂಡಳು. ವರದರಾಜ ಟವೆಲು ಬಿಚ್ಚಿಕೊಂಡ. ಹೆಂಡತಿಯ ಎದುರು ಆ ಹೆಸರು ಆಡಿದ್ದು ಅವನಿಗೆ ಆಗ ಹೊಳೆದಿರಬೇಕು, ಮುಖ ಸಣ್ಣದಾಯಿತು. ಗೋದಮ್ಮ ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿ, "ಹಂಗಾದ್ರೆ ನಾನು ಪಾಸಾದೆ," ಎಂದಳು.

ಹೊಸ ಕಾವಲಿ ಅಷ್ಟು ದುಡ್ಡಿಗೆ ಬಾಳಿತೇ ಎಂದು ಆಮೇಲೂ ಎಷ್ಟೋ ಜನ ಕೇಳಿದರು. ವೆಂಕಟರತ್ನಮ್ಮನ ಮಗಳೇ ಕೊಳ್ಳಲು ಹೊರಟಾಗ ಗೋದಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. "ದೋಸೆಗೋಸ್ಕರ ಅಂದ್ರೆ ಬೇಡಮ್ಮ. ಇದರ ಮೈ ನುಣುಪು, ಒಲೆ ಆರಿಸಿದ್ರೂ ಬಿಸಿ ಹಿಡ್ಕೊಂಡಿರುತ್ತೆ, ರೊಟ್ಟಿಗೆ ಒಳ್ಳೇದು. ಆದ್ರೆ ಹದ ಮಾಡೋ ಕೆಲಸ ಇದಕ್ಕೂ ಅಷ್ಟೇ, ಸಂತೇದಕ್ಕೂ ಅಷ್ಟೇ. ನಂಗೆ ನಷ್ಟ ಆಯ್ತು ಅಂತ ಅನ್ನಿಸಿಲ್ಲ. ಅದು ನಮ್ಮನೆ ವಿಷಯ, ನಿನಗೆ ಹೊಂದಲ್ಲ."

ಮುಂದಿನ ವರ್ಷ ರಂಜನಿಗೆ ಚಿಂತಾಮಣಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಪಾಳಿಯ ಕೆಲಸವಾದ್ದರಿಂದ ಅಲ್ಲೇ ಅಮೃತ ಎಂಬ ನರ್ಸಿನ ಜೊತೆ ಒಂದು ಮನೆ ಮಾಡಿದಳು. ಸಾಮಾನು ಕಟ್ಟುವಾಗ ಗೋದಮ್ಮ ಶ್ಯಾಮಲಳ ಕಾವಲಿಯನ್ನು ಒರೆಸಿ, ಕಾಗದದಲ್ಲಿ ಸುತ್ತಿ ಅವಳ ಚೀಲದಲ್ಲಿಟ್ಟಳು. ಅದು ಮಗಳಿಗೇ ಸೇರಬೇಕಾದ್ದು. ಒಳಗೊಳಗೆ ಕೈ ಖಾಲಿಯಾದಂತೆ ಅನ್ನಿಸಿದರೂ ತೋರಿಸಿಕೊಳ್ಳಲಿಲ್ಲ.

ರಂಜನಿ ಚೀಲದಿಂದ ಅದನ್ನು ತೆಗೆದು ವಾಪಸು ಮೊಳೆಗೆ ತೂಗುಹಾಕಿದಳು.

"ಇದು ಇಲ್ಲೇ ಇರ್ಲಿ ಮಿಸ್. ನಿಮ್ಮ ಕೈಗೆ ಒಗ್ಗಿದೆ. ನಂಗೆ ಆ ಭಾರದ್ದು ಕೊಡಿ, ನೀವು ನಂಗೆ ಅಂತ ತಾನೇ ತರಿಸಿದ್ದು?"

ಗೋದಮ್ಮ ಹೊಸ ಕಾವಲಿ ತೆಗೆದಳು. ಅದನ್ನು ಹಳೆಯ ಸೀರೆಯಲ್ಲಿ ಸುತ್ತುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಕೊಂಡೇ ಇದ್ದಳು.

ರಂಜನಿಗೆ ಸಿಕ್ಕ ಮೊದಲ ರಜೆಯ ದಿನ ಗೋದಮ್ಮ ಒಂದು ಡಬ್ಬಿ ಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ ತೆಗೆದುಕೊಂಡು ಚಿಂತಾಮಣಿಯ ಬಸ್ಸು ಹತ್ತಿದಳು. ಹುಡುಗಿಯರ ಮನೆ ಚಿಕ್ಕದು, ಒಲೆಯ ಪಕ್ಕದಲ್ಲೇ ಹಾಸಿಗೆ. ಅಮೃತ ಬಾಗಿಲು ತೆರೆದು, ಗೋದಮ್ಮನನ್ನು ನೋಡಿ, ಒಳಗೆ ತಿರುಗಿ ಕೇಳಿದಳು, "ರಂಜನೀ, ನಿಮ್ಮಮ್ಮನಾ?"

ರಂಜನಿ ಆಗಲೇ ಕಾವಲಿ ಕಾಯಲಿಟ್ಟಿದ್ದಳು. "ಹೂಂ ಕಣೇ. ಬೇಗ ತಟ್ಟೆ ತಗೋ, ಬಿಸಿ ಇರುವಾಗ್ಲೇ ತಿನ್ನಬೇಕು," ಎಂದಳು, ತಿರುಗಿ ನೋಡದೆ.

ಗೋದಮ್ಮ ಚಪ್ಪಲಿ ಬಿಟ್ಟು, ಕೈ ತೊಳೆದುಕೊಂಡು, ಹಿಟ್ಟಿಗೆ ಉಪ್ಪು ಸಾಕೇ ಎಂದು ನಾಲಿಗೆಗೆ ಹಚ್ಚಿ ನೋಡಿದಳು. ಮಧ್ಯಾಹ್ನದವರೆಗೂ ಅವರು ಮೂವರೂ ಒಬ್ಬರಾದ ಮೇಲೊಬ್ಬರು ದೋಸೆ ಹುಯ್ಯುತ್ತ, ತಿನ್ನುತ್ತ, ಆಸ್ಪತ್ರೆಯ ಸುದ್ದಿ ಹೇಳಿಕೊಂಡು ನಗುತ್ತ ಕೂತಿದ್ದರು.